ಅನುಮಾನವೂ ನ್ಯಾಯವಾಗಿರಲಿ

ಸದಲಗಾದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಹಳೆಯ ಡೀಸೆಲ್ ಕಾರು ಮಾರಿ ಕರೆಂಟಿನ ಕಾರು ತರೋಣವೆಂದು ಮಗನ ಹಟ. "ಬೆಳಗಾವಿಯಿಂದ ಬರೂ ಮುಂದ ನಡು ದಾರ್‍ಯಾಗ ಚಾರ್ಜ್ ಮುಗದ್ರ ಏನ್ ಮಾಡ್ತಿ?" ಎನ್ನುತ್ತಾನೆ ಅಪ್ಪ. "ಬ್ಯಾಟರಿ ಕೆಟ್ರ ಇಲ್ಲಿ ಯಾರ್ ರಿಪೇರಿ ಮಾಡ್ತಾರ?" ಎನ್ನುತ್ತಾಳೆ ಅವ್ವ. "ನೀವು ಕಾಲಕ್ಕಿಂತ ಹಿಂದ ಉಳದೀರಿ" ಎಂದು ಮಗ ಸಿಟ್ಟಾಗುತ್ತಾನೆ. ಪ್ರಿಯ ಓದುಗರೇ, ಇಲ್ಲಿ ತಪ್ಪು ಯಾರದು?

ಹಿರಿಯರ ಅನುಮಾನವನ್ನು ಬರಿಯ ಹೆದರಿಕೆಯೆಂದು ತಳ್ಳಿಹಾಕುವಂತಿಲ್ಲ. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚು ಎಣಿಸಬೇಕೆಂಬ ಬುದ್ಧಿಮಾತು ಸಂತ ಲೂಕರ ಶುಭಸಂದೇಶದಲ್ಲೇ ಇದೆ. ಕಬ್ಬಿನ ಬಿಲ್ಲು, ಮಕ್ಕಳ ಫೀಸು, ಬ್ಯಾಂಕಿನ ಕಂತು ಎಲ್ಲವನ್ನೂ ನೋಡಿ ಕೊಳ್ಳುವುದು ಮನೆಯ ಯಜಮಾನನ ಕರ್ತವ್ಯ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡಿ. 2001ರಲ್ಲಿ ಬೆಂಗಳೂರಿನಲ್ಲಿ ಚೇತನ್ ಮೈನಿಯವರ ಕಂಪನಿ 'ರೇವಾ' ಎಂಬ ಪುಟ್ಟ ವಿದ್ಯುತ್ ಕಾರನ್ನು ಮಾರಾಟಕ್ಕೆ ತಂದಿತು. ಎರಡೇ ಬಾಗಿಲು, ಸೀಸದ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್ ಓಟ. ಲಂಡನ್ನಿನಲ್ಲಿ 'ಜಿ-ವಿಜ್' ಎಂಬ ಹೆಸರಿನಿಂದ ಓಡಿತು. ನಮ್ಮ ದೇಶದಲ್ಲಿ ಕೊಂಡವರು ಕಡಿಮೆ. ಸದಲಗಾದಿಂದ ಬೆಳಗಾವಿಗೆ ಹೋಗಿಬರಲು ಸುಮಾರು 200 ಕಿಲೋಮೀಟರ್. ಅಂದು ನಮ್ಮವರು ಅದನ್ನು ಬೇಡವೆಂದಿದ್ದರೆ ತಪ್ಪೆನ್ನಲಾಗದು.

ಆದರೆ ಅಂದಿನ ಉತ್ತರ ಇಂದಿಗೂ ಸರಿಯೇ? ಈಗಿನ ಅನೇಕ ಕಾರುಗಳು ಲಿಥಿಯಂ ಬ್ಯಾಟರಿಯಿಂದ 200 ಕಿಲೋಮೀಟರಿಗೂ ಹೆಚ್ಚು ಓಡುತ್ತವೆ. ರಾತ್ರಿ ಮನೆಯಲ್ಲೇ ಚಾರ್ಜ್ ಮಾಡಬಹುದು. ಬ್ಯಾಟರಿಗೆ 8 ವರ್ಷದ ವಾರಂಟಿ ಸಾಮಾನ್ಯವಾಗಿದೆ. ಕಂಪನಿ ಹೇಳಿದಷ್ಟು ದೂರ ನಿಜವಾಗಿ ಓಡುತ್ತದೆಯೇ ಎಂದು ಈಗಾಗಲೇ ಕೊಂಡವರನ್ನು ಕೇಳಬೇಕು. ಕೇಳದೆಯೇ ಬೇಡವೆನ್ನುವುದು ವಿವೇಕವಲ್ಲ.

ಮಗನೂ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲಾರ. ಕಾರಿನಿಂದ ಹೊಗೆ ಬಾರದಿದ್ದರೂ, ನಮ್ಮ ರಾಜ್ಯದ ಕರೆಂಟಿನಲ್ಲಿ ಪಾವಗಡದ ಬಿಸಿಲಿನಂತೆ ರಾಯಚೂರಿನ ಕಲ್ಲಿದ್ದಲಿನ ಪಾಲೂ ಇದೆ. ಕೆಲವು ಬ್ಯಾಟರಿಗಳಿಗೆ ಬೇಕಾದ ಕೋಬಾಲ್ಟ್ ಕಾಂಗೋ ದೇಶದಿಂದ ಬರುತ್ತದೆ. ಅಲ್ಲಿಯ ಗಣಿಗಳಲ್ಲಿ ಎಳೆಯ ಮಕ್ಕಳೂ ದುಡಿದಿದ್ದಾರೆ. ಕೋಬಾಲ್ಟ್ ಇಲ್ಲದ ಬ್ಯಾಟರಿಗಳೂ ಇವೆ. ಯಾವುದೆಂದು ಕೇಳಿ ಕೊಳ್ಳುವುದು ಕೊಳ್ಳುವವನ ಹೊಣೆ.

ಇದೇ ಪ್ರಶ್ನೆಗಳನ್ನು ಅಂಗಳದಲ್ಲಿ ನಿಂತ ಡೀಸೆಲ್ ಕಾರಿಗೆ ಎಂದಾದರೂ ಕೇಳಿದ್ದೇವೆಯೇ? ಅದರ ಎಣ್ಣೆ ಎಲ್ಲಿಂದ ಬಂತು? ಅದರ ಹೊಗೆ ಯಾರ ಮಗುವಿನ ಎದೆಗೆ ಹೋಯಿತು? ರೂಢಿಯಾದದ್ದನ್ನು ಕ್ಷಮಿಸಿ ಹೊಸದನ್ನು ಮಾತ್ರ ವಿಚಾರಣೆಗೆ ನಿಲ್ಲಿಸಿದರೆ ಅದು ಪಕ್ಷಪಾತ. ಲೆಕ್ಕದಲ್ಲಿ ನಮ್ಮ ಜೇಬಿನ ಜೊತೆ ನೆರೆಯವನ ಉಸಿರೂ ಸೇರಲಿ.

ಹೀಗೆ ಎಣಿಸಿದ ಮೇಲೆ ಒಂದು ಮನೆ ಕೊಳ್ಳಬಹುದು. ಸಾಲಕ್ಕೆ ಅಂಜುವ ಮನೆ ಎರಡು ವರ್ಷ ತಡೆಯಬಹುದು. ಮತ್ತೊಂದು ಮನೆಗೆ ಬಸ್ಸೇ ಸಾಕೆನಿಸಬಹುದು. ಯಾರೂ ಯಾರನ್ನೂ ಹಳಿಯಬೇಕಿಲ್ಲ. ಅಪ್ಪನೂ ಮಗನೂ ಇಂದು ರಾತ್ರಿ ಊಟಕ್ಕೆ ಕೂತಾಗ ಒಂದೇ ಹಾಳೆಯ ಮೇಲೆ ಎರಡೂ ಕಾರಿನ ಲೆಕ್ಕ ಬರೆಯಲಿ.