ಕಣ್ಣಿನ ಹಸಿವು

ಸಿನಿಮಾ ತಾರೆಯೊಬ್ಬರ ಹೆಸರು ಮಾದಕವಸ್ತುವಿನ ಪ್ರಕರಣವೊಂದರಲ್ಲಿ ಕೇಳಿಬಂದೊಡನೆ ಅಂತರ್ಜಾಲದಲ್ಲಿ ಆ ವಸ್ತುವನ್ನು ಹುಡುಕುವವರ ಸಂಖ್ಯೆ ಏರುತ್ತದೆಂಬುದೂ, ಏರಿದ ರೇಖೆಯೇ ಏರಲಿರುವ ವ್ಯಸನದ ಮುನ್ಸೂಚನೆಯೆಂಬುದೂ, ಆದಕಾರಣ ಅಂಥ ವಾರ್ತೆಯನ್ನು ಅದುಮಿಡುವುದೇ ಯುವಜನರ ರಕ್ಷಣೆಯೆಂಬುದೂ ಸಭ್ಯರ ಮಾತುಕತೆಯಲ್ಲಿ ಈಚೆಗೆ ವಾದವಾಗಿ ಉಳಿಯದೆ ಸಿದ್ಧಾಂತವಾಗಿಯೇ ನೆಲಸಿಬಿಟ್ಟಿದೆ. ಮೂರರಲ್ಲಿ ಮೊದಲನೆಯದನ್ನು ಒಪ್ಪಬಹುದು. ಎರಡನೆಯದು ಮೊದಲನೆಯದರ ಬೆನ್ನಿಗಂಟಿಕೊಂಡು ಪರೀಕ್ಷೆಯಿಲ್ಲದೆ ಒಳಬಂದದ್ದು; ನನಗೆ ರೇಗುವುದು ಅದರ ಮೇಲೆ.

2020ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಸಿಸಿಬಿ ಪೊಲೀಸರು ಕನ್ನಡ ಚಿತ್ರರಂಗದ ಇಬ್ಬರು ನಟಿಯರನ್ನು ಬಂಧಿಸಿದಾಗ, ಆರೋಪಿ ಬೇರೆ ಅಪರಾಧಿ ಬೇರೆ ಎಂಬ ಪ್ರಾಥಮಿಕ ವಿವೇಕವನ್ನೂ ಮರೆತ ಟಿವಿ ವಾಹಿನಿಗಳು ಬೆಳಗಿನಿಂದ ನಡುರಾತ್ರಿಯವರೆಗೆ ಎಂಡಿಎಂಎ, ಹೈಡ್ರೋ ಗಾಂಜಾ ಎಂಬ ನಾಮಾವಳಿಯನ್ನು ಪಠಿಸುತ್ತಿದ್ದವು. ನನ್ನ ಅತ್ತಿಗೆಯವರ ಮಗ ಆಗ ಪರವೂರಿನಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿದ್ದ. ಭಂಗಿಸೊಪ್ಪೆಂಬ ಮಾತನ್ನಲ್ಲದೆ ಬೇರೇನನ್ನೂ ಕೇಳಿರದ ಆಕೆ, ಇದನ್ನು ಸೇವಿಸಿದವರ ಕಣ್ಣು ಕೆಂಪಾಗುವುದೆ, ಬಟ್ಟೆಗೆ ವಾಸನೆ ಹತ್ತುವುದೆ, ಹಗಲೆಲ್ಲ ನಿದ್ರೆ ಬರುವುದೆ ಎಂದು ಮೊಬೈಲಿನಲ್ಲಿ ಹುಡುಕುತ್ತ ಕುಳಿತರು. ಆದರೆ ಏರಿದ ರೇಖೆಯನ್ನು ತೋರಿಸುವ ಗೂಗಲ್ ಟ್ರೆಂಡ್ಸ್ ಎಂಬ ಸಾಧನವು ಹುಡುಕಾಟಗಳ ನಿಜವಾದ ಎಣಿಕೆಯನ್ನು ಕೊಡುವುದೇ ಇಲ್ಲ. ಅತ್ಯುನ್ನತ ಬಿಂದುವನ್ನು 100 ಎಂದಿಟ್ಟುಕೊಂಡು ಉಳಿದುದನ್ನು ಅದರ ಪ್ರಮಾಣದಲ್ಲಿ ಅಳೆಯುತ್ತದೆ. ಹುಡುಕಿದವರು ಯಾರು, ಏತಕ್ಕೆ ಎಂಬುದು ಅದಕ್ಕೆ ಅಗೋಚರ. ಭಯಗೊಂಡ ತಾಯಿಯೂ ವ್ಯಸನದ ಬಾಗಿಲಲ್ಲಿ ನಿಂತ ತರುಣನೂ ಅಲ್ಲಿ ಒಂದೇ ರೇಖೆ.

ಹುಡುಕಾಟವನ್ನು ಅವಸ್ಥೆಯ ಲಕ್ಷಣವೆಂದು ಓದಹೊರಟವರು ಎಡವಿದ ನಿದರ್ಶನವೂ ಉಂಟು. 2008ರಲ್ಲಿ ಗೂಗಲ್ ಸಂಸ್ಥೆ ಜನರ ಹುಡುಕುಮಾತುಗಳಿಂದ ಅಮೆರಿಕದ ಫ್ಲೂ ಜ್ವರವನ್ನು ಅಂದಾಜುಮಾಡುವ ವ್ಯವಸ್ಥೆಯೊಂದನ್ನು ಸ್ಥಾಪಿಸಿತು, 2012-13ರ ಚಳಿಗಾಲದಲ್ಲಿ ಅದು ಜ್ವರವನ್ನು ಇದ್ದುದಕ್ಕಿಂತ ಬಹಳ ಹೆಚ್ಚಾಗಿ ಕಂಡಿತು, 2015ರಲ್ಲಿ ಮುಚ್ಚಿತು. ಪತ್ರಿಕೆಗಳ ಗದ್ದಲದಿಂದ ಆರೋಗ್ಯವಂತರೂ ಜ್ವರವನ್ನು ಹುಡುಕಿರಬೇಕೆಂಬುದು ವಿಮರ್ಶಕರು ಶಂಕಿಸಿದ ಕಾರಣಗಳಲ್ಲೊಂದು. 2009ರ ಜೂನ್ 25ರಂದು ಮೈಕೆಲ್ ಜಾಕ್ಸನ್ ಸತ್ತಾಗ, ಹುಡುಕಾಟಗಳ ಪ್ರವಾಹವನ್ನು ಅದೇ ಸಂಸ್ಥೆಯ ಯಂತ್ರಗಳು ಮೊದಲು ಶತ್ರುಗಳ ಆಕ್ರಮಣವೆಂದೇ ಭ್ರಮಿಸಿದವು. ಆ ಸಾವಿಗೆ ಕಾರಣವೆಂದು ಅನಂತರ ಹೊರಬಿದ್ದ ಪ್ರೊಪೊಫಾಲ್ ಎಂಬ ಹೆಸರು ಶಸ್ತ್ರಚಿಕಿತ್ಸೆಯ ಕೊಠಡಿಯ ಅರಿವಳಿಕೆ ಮದ್ದಿನದು. ಅದನ್ನು ಹುಡುಕಿದ ಲೋಕವು ಅದನ್ನು ಸೇವಿಸಲು ಹೊರಟಿತ್ತೆಂದು ಹೇಳಲು ಧೈರ್ಯ ಬೇಕು.

ವಿಷಯಚಿಂತನೆಯಿಂದ ಸಂಗ, ಸಂಗದಿಂದ ಕಾಮ ಎಂಬ ಗೀತೆಯ ಸೋಪಾನವನ್ನು ಇಲ್ಲಿ ಯಾರಾದರೂ ನೆನಪಿಸಿಯೇ ತೀರುತ್ತಾರೆ. ಅದು ಪ್ರವಚನಕಾರರ ಬಾಯಲ್ಲಿ ಸವೆದುಹೋಗಿದೆಯೆಂಬ ಬೇಸರವೊಂದಾದರೆ, ಏಕಾಂತದಲ್ಲಿ ಕುಳಿತು ಧ್ಯಾನಿಸುವವನ ಕಥೆ ಅದೆಂಬುದು ನನ್ನ ನಿಜವಾದ ಆಕ್ಷೇಪ. ನಮ್ಮ ಪ್ರಶ್ನೆ ಗುಂಪಿನದು. ಮಾಧ್ಯಮಗಳ ಸಾಮಾಜಿಕ ಹೊಣೆಯ ಶಾಸ್ತ್ರಕ್ಕೂ ದೂರದಿಂದಲೇ ನಮಸ್ಕಾರ. ಸೆಣಸಲು ತಕ್ಕವನು ಸಂತ ಆಗಸ್ಟೀನ್.

ತನ್ನ 'ಕನ್ಫೆಷನ್ಸ್' ಗ್ರಂಥದ ಹತ್ತನೆಯ ಭಾಗದಲ್ಲಿ ಆತ ಕುತೂಹಲವನ್ನು ಕಣ್ಣಿನ ಕಾಮವೆಂದು ಕರೆದು, ಛಿದ್ರಗೊಂಡ ಶವವನ್ನು ಕಾಣಲು ಜನರು ಹೇಸುತ್ತಲೇ ಓಡುವುದನ್ನು ನಿದರ್ಶನವಾಗಿ ಕೊಡುತ್ತಾನೆ. ಈ ನಿದರ್ಶನ ನನಗೇ ಅನುಕೂಲ: ಶವವನ್ನು ನೋಡಲು ಓಡಿದವನು ಶವವಾಗಲು ಬಯಸಿದವನಲ್ಲ. ಆದರೆ ಆರನೆಯ ಭಾಗದಲ್ಲಿ ಆತನ ಮಿತ್ರ ಅಲಿಪಿಯಸ್ಸನ ಕಥೆಯಿದೆ. ನ್ಯಾಯಶಾಸ್ತ್ರವನ್ನು ಓದಲು ರೋಮಿಗೆ ಬಂದ ಈ ಸಚ್ಛೀಲನನ್ನು ಗೆಳೆಯರು ಬಲಾತ್ಕಾರದಿಂದ ಖಡ್ಗಮಲ್ಲರ ಅಖಾಡಕ್ಕೆ ಎಳೆದೊಯ್ದರು, ದೇಹವನ್ನು ಎಳೆಯಬಹುದು, ಮನಸ್ಸನ್ನಲ್ಲ ಎಂದು ಆತ ಕಣ್ಣು ಮುಚ್ಚಿ ಕುಳಿತ, ಯಾವನೋ ಉರುಳಿದಾಗ ಜನಸ್ತೋಮ ಕೂಗಿತು, ಕಣ್ಣು ತೆರೆಯಿತು, ಅಲ್ಲಿಂದ ಮುಂದೆ ಆತ ತಾನೇ ಹೋಗುವುದಲ್ಲದೆ ಇತರರನ್ನೂ ಎಳೆದೊಯ್ಯುವವನಾದ. ಕಣ್ಣನ್ನು ತೆರೆಸಿದ್ದು ದೃಶ್ಯವಲ್ಲ, ಕೂಗು. ನಮ್ಮ ವಾಹಿನಿಗಳ ವ್ಯವಹಾರವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಹುಡುಕುವಾಗ ಉದ್ದೇಶವಿರಲಿಲ್ಲವೆಂಬ ನನ್ನ ಸಮಾಧಾನವೂ ಇಲ್ಲಿ ಕುಸಿಯುತ್ತದೆ, ಏಕೆಂದರೆ ಅಲಿಪಿಯಸ್ಸನಿಗೂ ಉದ್ದೇಶವಿರಲಿಲ್ಲ. ಅದು ನೋಟದ ಅನಂತರ ಹುಟ್ಟಿತು.

ಆದರೂ ಸೋಲೊಪ್ಪುವ ಮುನ್ನ ಒಂದು ಪ್ರಶ್ನೆ. ಅಲಿಪಿಯಸ್ ಏನಾದ? ಖಡ್ಗ ಹಿಡಿದು ಅಖಾಡಕ್ಕಿಳಿಯಲಿಲ್ಲ, ಇನ್ನಷ್ಟು ನೋಡುವವನಾದ. ನೋಟದಿಂದ ಬೆಳೆದದ್ದು ನೋಟದ ಹಸಿವೇ. ಅತ್ತಿಗೆಯವರ ಹುಡುಕಾಟವನ್ನು ಮಾತೃಹೃದಯದ ಪ್ರಮಾಣವಾಗಿ ನಾನು ನೆಂಟರ ನಡುವೆ ಕೊಂಡಾಡುತ್ತಿದ್ದಾಗ ಆಕೆಯೇ ನಕ್ಕು, "ನನ್ನನ್ನ ಅಷ್ಟು ದೊಡ್ಡವಳನ್ನ ಮಾಡಬೇಡಪ್ಪಾ. ಲಕ್ಷಣ ಓದಿದ್ದು ಐದು ನಿಮಿಷ. ಆಮೇಲೆ ಆ ನಟಿಯ ಮನೆ, ಕಾರು, ಒಡವೆ ನೋಡ್ತಾ ಕೂತವಳಿಗೆ ಒಂದು ಗಂಟೆ ಹೊಡೆದದ್ದೇ ಗೊತ್ತಾಗಲಿಲ್ಲ" ಎಂದರು. ಆಗಸ್ಟೀನನು ಕೇಳಿದ್ದರೆ ತಲೆದೂಗುತ್ತಿದ್ದ. ಹಾಗಾದರೆ ಈ ಹುಡುಕಾಟದಿಂದ ನೋಯುವವನು ಹುಡುಕುವ ತರುಣನಲ್ಲ, ಅಖಾಡದ ಮಧ್ಯದಲ್ಲಿ ನಿಲ್ಲಿಸಲ್ಪಟ್ಟ ವ್ಯಕ್ತಿ ಎನ್ನಬಹುದಿತ್ತು. ಮತ್ತು ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ವಾದ ಗೆದ್ದಂತೆಯೇ ಕಾಣುತ್ತಿತ್ತು.

ನಿಲ್ಲಿಸಲು ಬಿಡದಿರುವುದು ನಾನೇ ಬಹುಕಾಲ ಮೆಚ್ಚಿ ಹೇಳುತ್ತಿದ್ದ ಇನ್ನೊಂದು ದೃಷ್ಟಾಂತ. 2015ರ ನವೆಂಬರ್ 17ರಂದು ಅಮೆರಿಕದ ನಟ ಚಾರ್ಲಿ ಶೀನ್ ತನಗೆ ಎಚ್‌ಐವಿ ಸೋಂಕಿದೆಯೆಂದು ಟಿವಿಯಲ್ಲಿ ಪ್ರಕಟಿಸಿದಾಗ, ಆ ದಿನ ಅಲ್ಲಿ ನಿರೀಕ್ಷಿತ ಪ್ರಮಾಣಕ್ಕಿಂತ ಸುಮಾರು 27.5 ಲಕ್ಷ ಹೆಚ್ಚು ಎಚ್‌ಐವಿ ಕುರಿತ ಹುಡುಕಾಟಗಳು ನಡೆದವೆಂದು ಸಂಶೋಧಕರು ಲೆಕ್ಕಹಾಕಿದರು. ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷಾಸಾಧನದ ಮಾರಾಟವೂ ಅದೇ ವಾರ ಹೆಚ್ಚುಕಡಿಮೆ ಇಮ್ಮಡಿಯಾಯಿತು. ತಾರೆಯ ಸುದ್ದಿ ಲೋಕಶಿಕ್ಷಣವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷ್ಯ ಬೇಡ. ಆದರೆ ನೋಟವು ನೋಟದಲ್ಲೇ ಮುಗಿಯದೆ ಕೊಳ್ಳುವ ಕೈಯವರೆಗೂ ಚಾಚುತ್ತದೆಂಬುದಕ್ಕೂ ಇದೇ ಸಾಕ್ಷ್ಯ. ಒಳ್ಳೆಯ ವಸ್ತುವಿನ ಕಡೆಗೆ ಚಾಚಿದ ಕೈ ಕೆಟ್ಟ ವಸ್ತುವಿನ ಕಡೆಗೆ ಚಾಚಲಾರದೆಂದು ನಾನು ಯಾವ ನ್ಯಾಯದಿಂದ ಹೇಳಲಿ? ಪರೀಕ್ಷಾಸಾಧನ ಔಷಧದಂಗಡಿಯಲ್ಲಿ ಸುಲಭವಾಗಿ ಸಿಕ್ಕುವುದು, ಎಂಡಿಎಂಎ ಸಿಕ್ಕದು ಎನ್ನಬಹುದು. ಅದು ಪೊಲೀಸರ ಶಕ್ತಿಯ ಮೇಲೆ ನಿಂತ ಉತ್ತರವೇ ಹೊರತು ಮನುಷ್ಯಸ್ವಭಾವದ ಮೇಲೆ ನಿಂತದ್ದಲ್ಲ.

ಹೀಗಾಗಿ ಕೂಗಿನ ಒಳಗೆ ಏನಿರಬೇಕೆಂಬ ಚಿಕ್ಕ ಪ್ರಶ್ನೆಗೆ ನಾನು ಇಳಿದಿದ್ದೇನೆ. ಮಾದಕವಸ್ತುಗಳನ್ನು ಕುರಿತ ನಮ್ಮ ಎನ್‌ಡಿಪಿಎಸ್ ಕಾಯಿದೆಯ 64ಎ ವಿಧಿಯಂತೆ, ಸೇವನೆಯ ಅಥವಾ ಅಲ್ಪಪ್ರಮಾಣದ ಅಪರಾಧದ ಆರೋಪ ಹೊತ್ತ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಬಂದರೆ, ಅದನ್ನು ಪೂರ್ಣಗೊಳಿಸುವ ನಿಬಂಧನೆಯ ಮೇಲೆ, ವಿಚಾರಣೆಯಿಂದ ವಿನಾಯಿತಿಯುಂಟು. 14446 ಎಂಬ ಉಚಿತ ಸಹಾಯವಾಣಿಯೂ ಉಂಟು. ಆ ಸೆಪ್ಟೆಂಬರಿನಲ್ಲಿ ಗ್ರಾಮಿಗೆಷ್ಟು ರೂಪಾಯಿ ಎಂಬುದು ನನ್ನ ಕಿವಿಗೆ ಹಲವು ಸಲ ಬಿತ್ತು, ಈ ಎರಡರಲ್ಲಿ ಒಂದೂ ಬೀಳಲಿಲ್ಲ. ಬಿದ್ದಿದ್ದರೆ ಅತ್ತಿಗೆಯವರ ಐದು ನಿಮಿಷ ಹತ್ತಾಗುತ್ತಿತ್ತೋ ಏನೋ. ಆದರೆ ಅಷ್ಟು ದೊಡ್ಡ ಕೂಗಿಲ್ಲದಿದ್ದರೆ ಆಕೆ ಆ ಐದು ನಿಮಿಷವಾದರೂ ಹುಡುಕುತ್ತಿದ್ದರೇ ಎಂದು ಕೇಳಿಕೊಂಡರೆ, ವಾರ್ತೆಯನ್ನು ಅದುಮಬೇಕೆನ್ನುವವರಿಗೂ ಕೂಗನ್ನು ತಗ್ಗಿಸಬೇಕೆನ್ನುವ ನನಗೂ ನಡುವೆ ಎಷ್ಟು ಅಂತರ ಉಳಿಯಿತೆಂಬುದು ನನಗೆ ನಿಶ್ಚಯವಾಗದು.