ಮುಚ್ಚಿದ ಅಂಗಡಿಯ ಲೆಕ್ಕ

ಊರಿನ ಹಳೆಯ ವ್ಯಾಪಾರವೊಂದು ಕಣ್ಮರೆಯಾದ ಮೇಲೆ ಜನರು ಅದರ ಒಳಿತನ್ನಷ್ಟೇ ನೆನೆಯುತ್ತಾರೆ. ಈ ನೆನಪು ನ್ಯಾಯವಾದುದೇ?

ಪಾವಗಡದ ಮಳೆಯಾಶ್ರಿತ ಹೊಲಗಳಿಗೆ ಶೇಂಗಾವೇ ಆಧಾರ. ಕಾಯಿ ಸುಲಿಸುವ, ಎಣ್ಣೆ ತೆಗೆಯುವ, ಹಿಂಡಿ ಮಾರುವ ಕಸುಬುಗಳೆಲ್ಲ ಅದನ್ನು ನೆಚ್ಚಿದ್ದವು. ಮೇಲಿಂದ ಮೇಲೆ ಬರ ಬಂದಿತು. 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾಗಿ ಶೇಂಗಾ ಎಣ್ಣೆಗೆ ಅಗ್ಗದ ಪ್ರತಿಸ್ಪರ್ಧಿ ದೊರೆಯಿತು. 2018ರ ಮಾರ್ಚ್ 1ರಂದು ತಿರುಮಣಿಯ ಸೌರ ವಿದ್ಯುತ್ ಪಾರ್ಕ್ ಉದ್ಘಾಟನೆಯಾಯಿತು. ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿ ಗುತ್ತಿಗೆಗೆ ಹೋಯಿತು. ಎಕರೆಗೆ ವರ್ಷಕ್ಕೆ ಮೊದಲ ದರ 21,000 ರೂಪಾಯಿ. ಮಳೆ ಕೈಕೊಟ್ಟರೂ ಒಡೆಯನಿಗೆ ಹಣ ತಪ್ಪದು. ಇದು ಸಣ್ಣ ಉಪಕಾರವಲ್ಲ.

ಆದರೆ ಕಾಯಿ ಬಿಡಿಸುತ್ತಿದ್ದ ಭೂಮಿಯಿಲ್ಲದ ಹೆಂಗಸಿನ ಹೆಸರು ಆ ಗುತ್ತಿಗೆಪತ್ರದಲ್ಲಿಲ್ಲ. ಅದು ಇದ್ದುದು ಅಂಗಡಿಯ ಸಾಲದ ಪುಸ್ತಕದಲ್ಲಿ. ಸುಗ್ಗಿಯವರೆಗೆ ನಂಬಿ ಕಾಳುಕಡಿ ಕೊಟ್ಟ ವರ್ತಕನೂ ಉಂಟು, ಬಡ್ಡಿ ಬರೆದು ತಕ್ಕಡಿ ತಗ್ಗಿಸಿದವನೂ ಉಂಟು. ಕೊಳ್ಳುವಾಗ ಒಂದು, ಮಾರುವಾಗ ಒಂದು ಅಳತೆ ಹಿಡಿಯುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ಹಳೆಯ ಅಂಗಡಿಯನ್ನು ಹೊಗಳುವವರು ಈ ಪುಟವನ್ನು ಮಗುಚಿಬಿಡುತ್ತಾರೆ. ಹೊಸತನ್ನು ಹೊಗಳುವವರಾದರೋ, ಕೈಯಲ್ಲಿ ಕಾಸಿಲ್ಲದ ದಿನ ಆ ಹೆಂಗಸು ಈಗ ಯಾರ ಬಾಗಿಲಿಗೆ ಹೋಗಬೇಕೆಂದು ಕೇಳುವುದೇ ಇಲ್ಲ.