ಕೇಳುವ ಕಿವಿ

'ಧ್ವನಿಯಿಲ್ಲದವರಿಗೆ ಧ್ವನಿಯಾಗಬೇಕು' ಎಂಬ ಮಾತನ್ನು ನಾವು ಆಗಾಗ ಆಡುತ್ತೇವೆ. ನಿಜವಾಗಿಯೂ ಅವರಿಗೆ ಧ್ವನಿಯಿಲ್ಲವೋ, ಅಥವಾ ನಮಗೆ ಕೇಳುವ ವ್ಯವಧಾನವಿಲ್ಲವೋ?

ಬೆಂಗಳೂರಿನ ಸಾಕ್ಷ್ಯಚಿತ್ರ ನಿರ್ದೇಶಕಿ ದೀಪಾ ಧನರಾಜ್ ಅವರ ಸಾಧನೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. 1980ರಲ್ಲಿ ಅವರು ಸಂಗಡಿಗರೊಡನೆ 'ಯುಗಾಂತರ್' ಎಂಬ ಚಿತ್ರತಂಡವನ್ನು ಕಟ್ಟಿದರು. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುವ ಮಹಿಳೆಯರ ಹೋರಾಟವನ್ನು 1982ರಲ್ಲಿಯೂ, ಹಿಮಾಲಯದ ತಪ್ಪಲಿನ ಹಳ್ಳಿಯ ಚಿಪ್ಕೋ ಹೋರಾಟಗಾರ್ತಿಯೊಬ್ಬರ ಬದುಕನ್ನು 1983ರಲ್ಲಿಯೂ ತೆರೆಗೆ ತಂದರು. 1991ರ 'ಸಮ್‌ಥಿಂಗ್ ಲೈಕ್ ಎ ವಾರ್' ಚಿತ್ರವು ಕುಟುಂಬ ಯೋಜನೆಯ ಶಿಬಿರಗಳಲ್ಲಿ ಅವಸರದಿಂದ ನಡೆಯುವ ಸಂತಾನಹರಣ ಶಸ್ತ್ರಚಿಕಿತ್ಸೆಗಳನ್ನು ತೋರಿಸುತ್ತದೆ. ಅದೇ ಚಿತ್ರದಲ್ಲಿ ಮಹಿಳೆಯರು ಒಟ್ಟಿಗೆ ಕುಳಿತು ತಮ್ಮ ಒಡಲಿನ ಕುರಿತು ತಾವೇ ಮಾತನಾಡುತ್ತಾರೆ. ಶಿಬಿರದಲ್ಲಿ ಬರಿಯ ಲೆಕ್ಕವಾಗಿದ್ದವರು ಇಲ್ಲಿ ತಾಯಂದಿರಾಗಿ, ಹೆಂಡಂದಿರಾಗಿ, ವಿವೇಚನೆಯುಳ್ಳ ವ್ಯಕ್ತಿಗಳಾಗಿ ಕಾಣುತ್ತಾರೆ.

ಪರರ ನೋವನ್ನು ಹೇಳಹೊರಟವರಿಗೆ ಒಂದು ಅಪಾಯ ಸದಾ ಕಾದಿರುತ್ತದೆ. ನೋವು ಅನುಭವಿಸಿದವರು ಮರೆಯಾಗಿ, ಹೇಳಿದವರು ಹೆಸರು ಪಡೆಯುತ್ತಾರೆ. ಕ್ಯಾಮೆರಾ ಹಿಡಿದವರಂತೆಯೇ ವೇದಿಕೆಯ ಮೇಲೆ ಮಾತನಾಡುವ ನಮಗೂ ಈ ಎಚ್ಚರ ಬೇಕು. ಅನ್ಯರ ಕಷ್ಟವನ್ನು ಉದಾಹರಣೆಯಾಗಿ ಬಳಸುವ ನಾವು ಅವರ ಒಪ್ಪಿಗೆ ಕೇಳುವುದು ಎಷ್ಟು ಸಲ?

ಕೇಳುವುದೆಂದರೆ ಕಾಯುವುದು. ಇಂದು ಸಂಜೆ ಮನೆಯ ಹೆಣ್ಣುಮಗಳೊಬ್ಬಳು ಮಾತು ಆರಂಭಿಸಿದಾಗ, ಅದು ಮುಗಿಯುವ ತನಕ ನಾವು ಕಾಯುವೆವೇ?